ಸೈಬರ್ ಸೆಕ್ಯುರಿಟಿಗೆ ಸರ್ಕಾರದ ದುಡ್ಡು: ಮೈಸೂರು, ಮಂಡ್ಯದ ಹುಡುಗರಿಗೆ ಕೆಲಸ ಸಿಗುತ್ತಾ?

ಮೈಸೂರನ್ನು ಸೈಬರ್ ಸೆಕ್ಯುರಿಟಿ ಹಬ್ ಮಾಡುತ್ತೇವೆ ಎಂಬ ಮಾತು ಕೆಲವು ವರ್ಷಗಳಿಂದ ಕಿವಿಗೆ ಬೀಳುತ್ತಲೇ ಇದೆ. ಬೆಂಗಳೂರಿನ ಹೊರಗೆ ಐಟಿ ಬೆಳೆಸುವ 'ಬಿಯಾಂಡ್ ಬೆಂಗಳೂರು' ಸಮಾವೇಶ ನಡೆದಾಗಲೆಲ್ಲ ಅದು ಮತ್ತೆ ಸುದ್ದಿಯಾಗುತ್ತದೆ. ಅದೇ ಪೇಪರಿನ ಒಳಪುಟದಲ್ಲಿ 'ಡಿಜಿಟಲ್ ಅರೆಸ್ಟ್' ಹೆಸರಲ್ಲಿ ನಿವೃತ್ತ ನೌಕರರೊಬ್ಬರು ಜೀವಮಾನದ ಉಳಿತಾಯ ಕಳೆದುಕೊಂಡ ಸುದ್ದಿ ಇರುತ್ತದೆ. ಇನ್ನೊಂದು ಕಡೆ, ಸೈಬರ್ ಸೆಕ್ಯುರಿಟಿ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಹಿಡಿದುಕೊಂಡ ಹುಡುಗರು ಕೆಲಸಕ್ಕಾಗಿ ಅಲೆಯುತ್ತಿರುತ್ತಾರೆ.

ಇಷ್ಟನ್ನೂ ಒಟ್ಟಿಗೆ ಓದಿದವರಿಗೆ ಗೊಂದಲ ಆಗದೆ ಇರುತ್ತಾ? ಲಕ್ಷಗಟ್ಟಲೆ ಕೆಲಸ ಖಾಲಿ ಇದೆ ಅಂತಾರೆ, ಆದರೆ ಕಲಿತವರಿಗೆ ಕೆಲಸ ಇಲ್ಲ. ಸರ್ಕಾರ ಕೋಟಿ ಕೋಟಿ ಕೊಡುತ್ತಿದೆ ಅಂತಾರೆ, ಆದರೆ ಕಳ್ಳರು ದುಡ್ಡು ಹೊಡೆಯುವುದು ನಿಂತಿಲ್ಲ. ಈ ಎರಡೂ ಮಾತು ಏಕಕಾಲಕ್ಕೆ ನಿಜ. ಹೇಗೆ ಅಂತ ತಿಳಿಯಬೇಕಾದರೆ ದುಡ್ಡು ಎಲ್ಲಿಗೆ ಹೋಗುತ್ತದೆ, ಎಲ್ಲಿಗೆ ಹೋಗುವುದಿಲ್ಲ ಎಂದು ಬಿಡಿಸಿ ನೋಡಬೇಕು.

ಮೂರು ಬೇರೆ ಬೇರೆ ಕೆಲಸಗಳು

ಮೊದಲನೆಯದು ಪೊಲೀಸ್ ಕೆಲಸ. ಒಟಿಪಿ ಕೇಳಿ ದುಡ್ಡು ಎಗರಿಸಿದವನನ್ನು ಹಿಡಿಯುವುದು, ಹಣ ಇನ್ನೊಂದು ಖಾತೆಗೆ ಜಾರುವ ಮೊದಲೇ ತಡೆಯುವುದು. 1930 ಸಹಾಯವಾಣಿ, ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ ಎಲ್ಲ ಇದರ ಅಡಿ ಬರುತ್ತವೆ. ಕರ್ನಾಟಕ 2025ರಲ್ಲಿ ಸೈಬರ್ ಅಪರಾಧಕ್ಕೆಂದೇ ಪ್ರತ್ಯೇಕ ಸೈಬರ್ ಕಮಾಂಡ್ ಮಾಡಿ, ಅದಕ್ಕೆ ಡಿಜಿಪಿ ದರ್ಜೆಯ ಅಧಿಕಾರಿಯನ್ನು ಕೂರಿಸಿತು.

ಎರಡನೆಯದು ಸರ್ಕಾರ ತನ್ನದೇ ಕಂಪ್ಯೂಟರುಗಳನ್ನು ಕಾಪಾಡಿಕೊಳ್ಳುವುದು. ಪಹಣಿ, ನೋಂದಣಿ, ಟೆಂಡರು, ಕರೆಂಟ್ ಬಿಲ್ಲು ಎಲ್ಲ ಈಗ ಆನ್‌ಲೈನ್. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದ ಮೇಲೆ ದಾಳಿ ನಡೆದು ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಕೆಲಸ ಕೈಕೊಟ್ಟಿತ್ತು. ಸೈಟು ನೋಂದಣಿಗೆ ದಿನ ನೋಡಿಕೊಂಡು ಬಂದವರು ಸುಮ್ನೆ ವಾಪಸ್ ಹೋಗಬೇಕಾಯಿತು. ಅದಕ್ಕೂ ಮೊದಲು, 2019ರಲ್ಲಿ, ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಜಾಲಕ್ಕೆ ನುಗ್ಗಿ 11 ಕೋಟಿ ರೂಪಾಯಿಗೂ ಜಾಸ್ತಿ ಹಣ ಎತ್ತಿದ್ದರು. ಗುತ್ತಿಗೆದಾರರು ಟೆಂಡರಿಗೆ ಠೇವಣಿಯಾಗಿ ಕಟ್ಟಿದ್ದ ಇಎಂಡಿ ಹಣ ಅದು.

ಮೂರನೆಯದು ಉದ್ಯಮ. ಅಂದರೆ ಭದ್ರತೆಯನ್ನೇ ಸೇವೆಯಾಗಿ, ಸರಕಾಗಿ ಮಾರುವ ಕಂಪನಿಗಳು ಮತ್ತು ಅಲ್ಲಿ ಕೆಲಸ ಮಾಡಬಲ್ಲ ಜನ. 'ಹಬ್' ಎನ್ನುವ ಮಾತು ಇದಕ್ಕೆ ಸಂಬಂಧಿಸಿದ್ದು.

ಡಿಜಿಟಲ್ ಅರೆಸ್ಟ್ ಸುದ್ದಿ ಓದಿ 'ಪಾಲಿಸಿ ಮಾಡಿ ಏನು ಬಂತು' ಎನ್ನುವವರು ಮೂರನೆಯದರ ಲೆಕ್ಕವನ್ನು ಮೊದಲನೆಯದರಲ್ಲಿ ಕೇಳುತ್ತಿರುತ್ತಾರೆ. ಮೈಸೂರಿನಲ್ಲಿ ನೂರು ಸೆಕ್ಯುರಿಟಿ ಕಂಪನಿ ಬಂದರೂ, ಫೋನಿನಲ್ಲಿ ಹೆದರಿಸಿ ದುಡ್ಡು ಕೀಳುವವನು ನಿಲ್ಲಿಸುವುದಿಲ್ಲ. ಆದರೆ ಎರಡನೆಯದಕ್ಕೂ ಮೂರನೆಯದಕ್ಕೂ ಹತ್ತಿರದ ನಂಟು ಇದೆ. ಸರ್ಕಾರಿ ಭಾಷಣಗಳಲ್ಲಿ ಆ ನಂಟಿನ ಪ್ರಸ್ತಾಪ ಕಡಿಮೆ.

ರಾಜ್ಯದ ನೀತಿ ಏನು ಕೊಡುತ್ತದೆ

ಕರ್ನಾಟಕ ಸೈಬರ್ ಸೆಕ್ಯುರಿಟಿ ನೀತಿ ಹೊರಬಂದದ್ದು 2024ರ ಆಗಸ್ಟ್‌ನಲ್ಲಿ. ಅವಧಿ 5 ವರ್ಷ. ಐಟಿ-ಬಿಟಿ ಇಲಾಖೆ ಮುಂದೆ ನಿಂತು ಮಾಡಿದ್ದು. ಬೆಂಗಳೂರಿನ ಐಐಎಸ್‌ಸಿ ಆಶ್ರಯದಲ್ಲಿರುವ 'ಸೈಸೆಕ್' ಎಂಬ ಉತ್ಕೃಷ್ಟತಾ ಕೇಂದ್ರ ಇದಕ್ಕೂ ಮೊದಲಿನಿಂದ ತರಬೇತಿ, ಜಾಗೃತಿ, ಸ್ಟಾರ್ಟಪ್‌ಗಳಿಗೆ ನೆರವು ಎಂದು ಕೆಲಸ ಮಾಡುತ್ತಿತ್ತು. ನೀತಿಯಲ್ಲಿ ಎರಡು ಭಾಗ. ಒಂದು ಜನ, ಕಾಲೇಜು, ಉದ್ಯಮ, ಸ್ಟಾರ್ಟಪ್‌ಗಳಿಗೆ. ಇನ್ನೊಂದು ಸರ್ಕಾರದ ಸ್ವಂತ ಐಟಿ ಆಸ್ತಿಯ ಭದ್ರತೆಗೆ.

ಒಟ್ಟು ವೆಚ್ಚ 5 ವರ್ಷಕ್ಕೆ ಸುಮಾರು 103.87 ಕೋಟಿ ರೂಪಾಯಿ. ಅದರಲ್ಲಿ ಪ್ರೋತ್ಸಾಹಧನ, ರಿಯಾಯಿತಿಗಳಿಗೆ 23.74 ಕೋಟಿ. ಕೇಳಲು ದೊಡ್ಡದು. ವರ್ಷಕ್ಕೆ ಹಂಚಿದರೆ ಪ್ರೋತ್ಸಾಹಧನ 5 ಕೋಟಿಗೂ ಕಡಿಮೆ, ಅದೂ ಇಡೀ ರಾಜ್ಯಕ್ಕೆ.

ಇದರಲ್ಲಿ ವಿದ್ಯಾರ್ಥಿಗಳಿಗೆ ನೇರವಾಗಿ ತಾಗುವುದು ಇಂಟರ್ನ್‌ಶಿಪ್ ಸ್ಟೈಪೆಂಡ್. ನೀತಿಯ ಅವಧಿಯಲ್ಲಿ 600 ಪದವಿ ವಿದ್ಯಾರ್ಥಿಗಳಿಗೆ, 120 ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ತಿಂಗಳಿಗೆ 15 ಸಾವಿರದವರೆಗೆ, ಹೆಚ್ಚೆಂದರೆ 3 ತಿಂಗಳು. ಸ್ಟಾರ್ಟಪ್‌ಗಳು ಕಾಲೇಜಿನ ಜೊತೆ ಸೇರಿ ಸಂಶೋಧನೆ ಮಾಡಿದರೆ ಅರ್ಧ ಖರ್ಚು, 50 ಲಕ್ಷದ ಮಿತಿಯಲ್ಲಿ. ತಮ್ಮ ವ್ಯವಸ್ಥೆಯ ಸೆಕ್ಯುರಿಟಿ ಆಡಿಟ್ ಮಾಡಿಸಿಕೊಂಡ ಸ್ಟಾರ್ಟಪ್‌ಗಳಿಗೆ 1 ಲಕ್ಷದವರೆಗೆ ಮರುಪಾವತಿ. ಇದರ ಜೊತೆಗೆ ಸಿಸ್ಕೊ ಕಂಪನಿಯೊಂದಿಗೆ ಒಪ್ಪಂದ: 40 ಸಾವಿರ ಮಂದಿಗೆ ತರಬೇತಿ ಮತ್ತು ಜಾಗೃತಿ, ಅದರಲ್ಲಿ ಅರ್ಧ ಹೆಣ್ಣುಮಕ್ಕಳು.

ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ತರಬೇತಿ 40 ಸಾವಿರ ಜನಕ್ಕೆ. ನಿಜವಾದ ಕೆಲಸದ ಜಾಗದಲ್ಲಿ 3 ತಿಂಗಳು ಕೂರುವ ಅವಕಾಶ 720 ಮಂದಿಗೆ. ವರ್ಷಕ್ಕೆ 144. ವಿಟಿಯು ಅಡಿಯಲ್ಲೇ 200ಕ್ಕೂ ಹೆಚ್ಚು ಕಾಲೇಜುಗಳಿವೆ, ಅಂದರೆ ಕಾಲೇಜಿಗೆ ವರ್ಷಕ್ಕೊಬ್ಬ ವಿದ್ಯಾರ್ಥಿಯೂ ಬರುವುದಿಲ್ಲ. ಆ 720 ಮಂದಿಗೂ ಪೂರ್ತಿ 15 ಸಾವಿರದಂತೆ ಕೊಟ್ಟರೂ ಆಗುವುದು 3.24 ಕೋಟಿ. ಅದು ಒಟ್ಟು ವೆಚ್ಚದ ನೂರಕ್ಕೆ ಮೂರು ಪಾಲು ಅಷ್ಟೇ.

ಜನಕ್ಕೆ ತರಬೇತಿ ಕೊಡುವ ಗುರಿ ದೇಶಕ್ಕೆ ಹೊಸದೇನೂ ಅಲ್ಲ. 2013ರ ರಾಷ್ಟ್ರೀಯ ಸೈಬರ್ ಸೆಕ್ಯುರಿಟಿ ನೀತಿ 5 ವರ್ಷದಲ್ಲಿ 5 ಲಕ್ಷ ಪರಿಣತರನ್ನು ತಯಾರು ಮಾಡುತ್ತೇವೆ ಎಂದಿತ್ತು. 2023ರಲ್ಲಿ ಕೇಂದ್ರ ಸಂಪುಟ ಡಿಜಿಟಲ್ ಇಂಡಿಯಾ ವಿಸ್ತರಿಸಿದಾಗ 2.65 ಲಕ್ಷ ಮಂದಿಗೆ ಮಾಹಿತಿ ಭದ್ರತೆಯ ತರಬೇತಿ ಎಂದಿತು. ಪ್ರತಿ ಸಲವೂ ಎಣಿಸುವುದು ತರಬೇತಿ ಪಡೆದವರನ್ನು. ಕೆಲಸಕ್ಕೆ ಸೇರಿದವರ ಲೆಕ್ಕ ಕೇಳುವವರು ಕಡಿಮೆ.

ಲಕ್ಷಗಟ್ಟಲೆ ಖಾಲಿ ಇದ್ದರೂ ಫ್ರೆಶರ್‌ಗೆ ಯಾಕಿಲ್ಲ?

ಸೈಬರ್ ಸೆಕ್ಯುರಿಟಿಗೆ ಜಗತ್ತಿನಲ್ಲಿ ಜನ ಸಾಲದು ಎಂಬ ಮಾತಿಗೆ ಎಲ್ಲರೂ ತೋರಿಸುವುದು ಐಎಸ್‌ಸಿ2 ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಸಮೀಕ್ಷೆ. 2024ರಲ್ಲಿ ಅದು ಹೇಳಿದ ಕೊರತೆ ಸುಮಾರು 48 ಲಕ್ಷ. ಕೋಚಿಂಗ್ ಸೆಂಟರುಗಳ ಬ್ಯಾನರಿನಲ್ಲಿ ಬರುವುದು ಇಂಥ ಸಂಖ್ಯೆಯೇ.

ಅದೇ ವರದಿಯ ಇನ್ನೊಂದು ಸಾಲು ಬ್ಯಾನರಿಗೆ ಬರುವುದಿಲ್ಲ. ಆ ವರ್ಷ ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದವರ ಸಂಖ್ಯೆ ಸುಮಾರು 55 ಲಕ್ಷದಲ್ಲೇ ನಿಂತಿತ್ತು, ಹೆಚ್ಚಿದ್ದು ಶೇ 0.1 ಮಾತ್ರ. ಜನ ಸಾಲುತ್ತಿಲ್ಲ ಎಂದ ಸಂಸ್ಥೆಗಳು ಕೊಟ್ಟ ಮುಖ್ಯ ಕಾರಣ ಬಜೆಟ್ ಇಲ್ಲ ಎಂಬುದು. ಅಂದರೆ ಆ 48 ಲಕ್ಷ, ಜಾಹೀರಾತು ಕೊಟ್ಟು ಕಾಯುತ್ತಿರುವ ಕುರ್ಚಿಗಳಲ್ಲ. 'ನಮಗೆ ಇಷ್ಟು ಜನ ಇದ್ದಿದ್ದರೆ ಚೆನ್ನಾಗಿತ್ತು' ಎಂಬ ಅಂದಾಜು. ಆ ಜನಕ್ಕೆ ಸಂಬಳ ಕೊಡಲು ದುಡ್ಡು ಇಟ್ಟಿದ್ದಾರೆ ಎಂದಲ್ಲ.

ದುಡ್ಡು ಇಟ್ಟಿರುವ ಕಡೆ ಕೇಳುವುದು ಅನುಭವ. ಯಾಕೆ ಅಂತ ತಿಳಿಯಲು ಈ ಕ್ಷೇತ್ರದ ಮೊದಲ ಮೆಟ್ಟಿಲಿನ ಕೆಲಸ ಹೇಗಿರುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು.

ದೊಡ್ಡ ಕಂಪನಿಗಳಿಗೆ 'ಸಾಕ್' ಎಂಬ ಕಣ್ಗಾವಲು ಕೇಂದ್ರ ಇರುತ್ತದೆ. 24 ಗಂಟೆಯೂ ಪಾಳಿಯಲ್ಲಿ ನಡೆಯುವ ಜಾಗ. ಅಲ್ಲಿ ಕೆಳಗಿನ ಹಂತದವರನ್ನು 'ಎಲ್1 ಅನಲಿಸ್ಟ್' ಅಂತಾರೆ. ರಾತ್ರಿ ಎರಡೂವರೆಗೆ ಸ್ಕ್ರೀನಿನಲ್ಲಿ ಒಂದು ಅಲರ್ಟ್ ಬರುತ್ತದೆ: ಅಕೌಂಟ್ಸ್ ವಿಭಾಗದ ಒಬ್ಬರ ಲಾಗಿನ್ ಬೇರೆ ದೇಶದಿಂದ ಆಗಿದೆ. ಆ ಮನುಷ್ಯ ನಿಜಕ್ಕೂ ಪ್ರವಾಸದಲ್ಲಿದ್ದಾರಾ? ಇರುವ ಜಾಗ ಮರೆಮಾಡುವ ವಿಪಿಎನ್ ಹಾಕಿಕೊಂಡಿದ್ದಾರಾ? ಒಂದು ಗಂಟೆ ಹಿಂದೆ ಅದೇ ಖಾತೆ ಮೈಸೂರಿನಿಂದ ತೆರೆದಿತ್ತಾ? ಬರುವ ಮೇಲ್‌ಗಳನ್ನೆಲ್ಲ ಹೊರಗಿನ ವಿಳಾಸಕ್ಕೆ ಕಳಿಸುವ ಹೊಸ ರೂಲ್ ಏನಾದರೂ ಈಗಷ್ಟೇ ಸೇರಿದೆಯಾ? ಹತ್ತು ನಿಮಿಷದಲ್ಲಿ ಇಷ್ಟನ್ನೂ ನೋಡಿ, ಆ ಅಲರ್ಟಿನ ದಾಖಲೆ, ಅಂದರೆ ಟಿಕೆಟ್, ಮುಚ್ಚಬೇಕು ಅಥವಾ ಮೇಲಿನವರನ್ನು ನಿದ್ದೆಯಿಂದ ಎಬ್ಬಿಸಬೇಕು. ಸುಮ್ನೆ ಎಬ್ಬಿಸಿದರೆ ಬೈಗುಳ. ಎಬ್ಬಿಸದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಸಪ್ಲೈಯರ್‌ಗೆ ಹೋಗಬೇಕಾದ ಹಣ ಕಳ್ಳನ ಖಾತೆಗೆ ಹೋಗಿರಬಹುದು.

ಈ ವಿವೇಚನೆ ವಿಡಿಯೊ ಪಾಠದಿಂದ ಬರುವುದಿಲ್ಲ. ನೂರಾರು ಸುಳ್ಳು ಅಲರ್ಟ್ ನೋಡಿದ ಮೇಲೆ ನಿಜವಾದದ್ದು ಎದ್ದು ಕಾಣುತ್ತದೆ. ಆದ್ದರಿಂದ ಕಂಪನಿಗಳು ಒಂದೆರಡು ವರ್ಷ ಮಾಡಿದವರೇ ಬೇಕು ಅಂತಾರೆ. ಎಲ್ಲರೂ ಹಾಗೇ ಹೇಳಿದರೆ ಆ ಒಂದೆರಡು ವರ್ಷ ಮಾಡುವುದು ಎಲ್ಲಿ? ಇದಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲ.

ಆ ತೆರವನ್ನು ತುಂಬಿರುವುದು ಸರ್ಟಿಫಿಕೇಟ್ ಮಾರುಕಟ್ಟೆ. ಕಂಪನಿಗಳು ಗೌರವಿಸುವ ಒಎಸ್‌ಸಿಪಿಯಂಥ ಪರೀಕ್ಷೆಗೆ ಲಕ್ಷ ರೂಪಾಯಿ ಮೀರಿ ಬೇಕು. ಕೆ.ಆರ್. ಪೇಟೆಯಿಂದ ಬಂದು ಮಂಡ್ಯದಲ್ಲಿ ಓದುವ ಹುಡುಗಿಯ ಮನೆಯವರಿಗೆ ಅದು ಸಣ್ಣ ಮೊತ್ತವಲ್ಲ. ಹಾಗಾಗಿ ಎಂಟು-ಹತ್ತು ಸಾವಿರಕ್ಕೆ ಸಿಗುವ ಕೋರ್ಸ್ ಮಾಡುತ್ತಾರೆ. ಅಂಥ ಸರ್ಟಿಫಿಕೇಟ್ ರೆಸ್ಯೂಮೆಯಲ್ಲಿ ಎಲ್ಲರ ಹತ್ತಿರವೂ ಇರುವುದರಿಂದ ಅದಕ್ಕೆ ಬೆಲೆ ಇರುವುದಿಲ್ಲ.

ಈಗ ಎಐ ಬೇರೆ ಬಂದಿದೆ. ಅಲರ್ಟ್‌ಗಳ ಮೊದಲ ಸುತ್ತಿನ ಜರಡಿ ಹಿಡಿಯುವ ಕೆಲಸವನ್ನೇ ಅದಕ್ಕೆ ವಹಿಸುತ್ತಿದ್ದಾರೆ. ಮೇಲಿನ ಮೆಟ್ಟಿಲುಗಳಿಗೆ ಜನ ಇನ್ನೂ ಜಾಸ್ತಿ ಬೇಕಾಗುತ್ತಾರೆ, ಆದರೆ ಕೆಳಗಿನ ಮೆಟ್ಟಿಲು ಸವೆಯುತ್ತಿದೆ. ತರಬೇತಿ ಯೋಜನೆಗಳು ಮಕ್ಕಳನ್ನು ತಯಾರು ಮಾಡುತ್ತಿರುವುದು ಬಹುತೇಕ ಆ ಕೆಳಗಿನ ಮೆಟ್ಟಿಲಿಗೆ.

ಮೈಸೂರಿನ ಬಲ ಏನು, ಕೊರತೆ ಏನು

ಬಲ ಕಡಿಮೆಯೇನಿಲ್ಲ. ಎನ್‌ಐಇ, ಎಸ್‌ಜೆಸಿಇ, ವಿದ್ಯಾವರ್ಧಕ, ಮಂಡ್ಯದ ಪಿಇಎಸ್ ಹೀಗೆ ಹಳೆಯ, ಹೊಸ ಇಂಜಿನಿಯರಿಂಗ್ ಕಾಲೇಜುಗಳು ಸಾಲಾಗಿವೆ. ಹೆಬ್ಬಾಳದಲ್ಲಿ ಇನ್ಫೊಸಿಸ್‌ನ ದೊಡ್ಡ ತರಬೇತಿ ಕೇಂದ್ರ ಇದೆ. ದೇಶದ ಮೂಲೆಮೂಲೆಯ ಹುಡುಗರು ಅಲ್ಲಿ ಕಲಿತು ಬೇರೆ ಊರಿಗೆ ಹೋಗುತ್ತಾರೆ. ಬೆಂಗಳೂರಿಗಿಂತ ಬಾಡಿಗೆ ಕಡಿಮೆ, ಟ್ರಾಫಿಕ್ ಕಡಿಮೆ. ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್ ಮೈಸೂರು ಕ್ಲಸ್ಟರ್‌ಗೆ ಸೈಬರ್ ಸೆಕ್ಯುರಿಟಿಯನ್ನು ಮುಖ್ಯ ಕ್ಷೇತ್ರ ಮಾಡಿಕೊಂಡಿರುವುದಕ್ಕೆ ಇವೆಲ್ಲ ಕಾರಣ. ವಿದೇಶಿ ಕಂಪನಿಗಳು ಇಲ್ಲಿ ತೆರೆಯುವ ಸ್ವಂತ ಕಚೇರಿಗಳಿಗೆಂದು ಮಾಡಿದ 2024ರ ಜಿಸಿಸಿ ನೀತಿ 2029ರೊಳಗೆ ರಾಜ್ಯಕ್ಕೆ 500 ಹೊಸ ಜಾಗತಿಕ ಕಚೇರಿ ತರುವ ಗುರಿ ಇಟ್ಟಿದೆ. ಹೊಸ ಐಟಿ ನೀತಿಯೂ ಬೆಂಗಳೂರಿನ ಹೊರಗೆ ಹೋಗುವವರಿಗೆ ಬಾಡಿಗೆ, ಪಿಎಫ್ ನೆರವು ಕೊಡುತ್ತದೆ.

ಇನ್ನೊಂದು ಬಲದ ಬಗ್ಗೆ ಮಾತೇ ಕಡಿಮೆ. ಕಾಪಾಡಬೇಕಾದ ಮುಖ್ಯ ಸಂಸ್ಥೆಗಳು ಇಲ್ಲೇ ಇವೆ. ಮೇಟಗಳ್ಳಿಯಲ್ಲಿ ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯ, ಅದರ ಜೊತೆಗೆ ನೋಟಿನ ಕಾಗದದ ಕಾರ್ಖಾನೆ. ಯಲವಾಲದ ಹತ್ತಿರ ಅಣುಶಕ್ತಿ ಇಲಾಖೆಯ ಘಟಕ. ಐದು ಜಿಲ್ಲೆಗೆ ಕರೆಂಟ್ ಕೊಡುವ ಸೆಸ್ಕ್‌ನ ಕೇಂದ್ರ ಕಚೇರಿ. ಕರ್ನಾಟಕ ಪೊಲೀಸ್ ಅಕಾಡೆಮಿ. ಬೇರೆ ಎಷ್ಟೋ ಊರುಗಳಿಗೆ ಈ ಭಾಗ್ಯ ಇಲ್ಲ.

ಇನ್ನು ಕೊರತೆ. ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ ಚಿಕ್ಕದು, ಎಟಿಆರ್‌ನಂಥ ಸಣ್ಣ ವಿಮಾನ ಮಾತ್ರ ಇಳಿಯುತ್ತದೆ. ವಿದೇಶಿ ಗ್ರಾಹಕರನ್ನು ಕರೆತರುವ ಕಂಪನಿಗೆ ಇದು ಮುಖ್ಯವಾಗುತ್ತದೆ. ದಶಪಥವನ್ನು ಹೊಗಳುವವರೇ ಜಾಸ್ತಿ. ಅದು 2023ರಲ್ಲಿ ತೆರೆದ ಮೇಲೆ ಬೆಂಗಳೂರು ನಿಜಕ್ಕೂ ಹತ್ತಿರವಾಯಿತು, ಆದರೆ ರಸ್ತೆಗೆ ಎರಡು ದಿಕ್ಕು ಉಂಟು. ಕಂಪನಿ ಇಲ್ಲಿಗೆ ಬರುವುದು ಎಷ್ಟು ಸುಲಭವಾಯಿತೋ, ಇಲ್ಲಿನ ಹುಡುಗ ಸೋಮವಾರ ಬೆಳಿಗ್ಗೆ ಹೊರಟು ಬೆಂಗಳೂರಿನಲ್ಲಿ ಕೆಲಸ ಮಾಡುವುದೂ ಅಷ್ಟೇ ಸುಲಭವಾಯಿತು. ಕಂಪನಿಯ ಕಣ್ಣಲ್ಲಿ ನೋಡಿದರೆ, ಜನ ತಾವಾಗಿಯೇ ಬರುತ್ತಿರುವಾಗ ಕಚೇರಿ ಎತ್ತಿಕೊಂಡು ಮೈಸೂರಿಗೆ ಯಾಕೆ ಹೋಗಬೇಕು?

ಅದಕ್ಕೇ ಸಬ್ಸಿಡಿ ಎಂಬುದು ನಾಲೆಯ ನೀರಿನ ಹಾಗೆ ಆಗಿಬಿಡುತ್ತದೆ. ಮೇಲ್ಭಾಗದ ಜಮೀನಿಗೆ ತುಂಬಿ ಹರಿದು, ಮಳವಳ್ಳಿ ಕಡೆಯ ಕೊನೆಭಾಗಕ್ಕೆ ಬರುವಷ್ಟರಲ್ಲಿ ಬತ್ತಿರುತ್ತದೆ. ಸ್ಟಾರ್ಟಪ್‌ಗೆ ಸಂಶೋಧನಾ ನೆರವು ಎಂದರೆ ಅರ್ಜಿ ಹಾಕುವಷ್ಟು ಬಲ ಇರುವ ಸ್ಟಾರ್ಟಪ್‌ಗಳು ಎಲ್ಲಿವೆ? ಕೋರಮಂಗಲ, ಎಚ್‌ಎಸ್‌ಆರ್ ಲೇಔಟ್‌ನಲ್ಲಿ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಜಿಲ್ಲೆಗೆ ಇಷ್ಟು ಎಂದು ಎತ್ತಿಡದಿದ್ದರೆ ಹೀಗೇ ಆಗುವುದು.

ಬೀರ್‌ಶೆವಾ ಎಂಬ ಊರು

ಸಣ್ಣ ಊರನ್ನು ಸೈಬರ್ ಹಬ್ ಮಾಡಿದ್ದಕ್ಕೆ ಎಲ್ಲರೂ ಕೊಡುವ ಉದಾಹರಣೆ ಇಸ್ರೇಲಿನ ಬೀರ್‌ಶೆವಾ. ಮರುಭೂಮಿಯ ಅಂಚಿನ ಊರು, ಟೆಲ್ ಅವೀವ್‌ನಿಂದ ನೂರು ಕಿ.ಮೀ. ಆಸುಪಾಸು. ನಮ್ಮ ಮೈಸೂರು-ಬೆಂಗಳೂರಿಗಿಂತ ಸ್ವಲ್ಪ ಹತ್ತಿರ. 2014ರಲ್ಲಿ ಅಲ್ಲಿನ ಸರ್ಕಾರ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಪಕ್ಕದಲ್ಲಿ 'ಸೈಬರ್‌ಸ್ಪಾರ್ಕ್' ಶುರು ಮಾಡಿತು. ಹೆಸರುವಾಸಿ ವಿದೇಶಿ ಕಂಪನಿಗಳು ಬಂದವು.

ಅವರನ್ನು ಅಲ್ಲಿಗೆ ಎಳೆದದ್ದು ತರಬೇತಿ ಶಿಬಿರವಲ್ಲ. ಸೇನೆಯ ತಂತ್ರಜ್ಞಾನ ಘಟಕಗಳನ್ನೇ ಆ ಊರಿಗೆ ಸ್ಥಳಾಂತರಿಸುತ್ತೇವೆ ಎಂದು ಸರ್ಕಾರ ಹೇಳಿತು. ಅಂದರೆ ದೊಡ್ಡ ಗಿರಾಕಿಯೂ, ಅನುಭವಿ ಜನವೂ ಒಂದೇ ಕಡೆ. ಆಮೇಲೆ ಆ ಸ್ಥಳಾಂತರ ವರ್ಷಗಟ್ಟಲೆ ತಡವಾಯಿತು, ಊರು ಕೂಡ ಅಂದುಕೊಂಡಷ್ಟು ವೇಗದಲ್ಲಿ ಬೆಳೆಯಲಿಲ್ಲ. ಗಿರಾಕಿ ಬಂದರೆ ಉದ್ಯಮ ಬರುತ್ತದೆ, ಗಿರಾಕಿ ತಡವಾದರೆ ಉದ್ಯಮವೂ ತಡವಾಗುತ್ತದೆ.

ಬ್ರಿಟನ್ನಿನದು ಇನ್ನೊಂದು ದಾರಿ. ಅಲ್ಲಿ 2014ರಲ್ಲಿ 'ಸೈಬರ್ ಎಸೆನ್ಷಿಯಲ್ಸ್' ಎಂಬ ಸರಳ ಪ್ರಮಾಣಪತ್ರ ತಂದರು. ಫೈರ್‌ವಾಲ್ ಇದೆಯಾ, ಸೆಟ್ಟಿಂಗ್ ಸರಿ ಇದೆಯಾ, ಯಾರಿಗೆ ಯಾವ ಅನುಮತಿ, ವೈರಸ್ ತಡೆ ಇದೆಯಾ, ಅಪ್‌ಡೇಟ್ ಆಗುತ್ತಿದೆಯಾ: ಐದೇ ಅಂಶ. ಜನರ ಮಾಹಿತಿ ಮುಟ್ಟುವ ಕೆಲವು ಸರ್ಕಾರಿ ಗುತ್ತಿಗೆ ಬೇಕಾದರೆ ಇದು ಇರಲೇಬೇಕು ಎಂದರು. ಇದರಿಂದ ಪರಿಶೀಲಿಸುವವರಿಗೆ, ಸರಿಪಡಿಸುವವರಿಗೆ ಕೆಲಸ ಹುಟ್ಟಿತು.

ಮಂಡ್ಯದ ಸೊಸೈಟಿಯೇ ಗಿರಾಕಿ

ನಮ್ಮಲ್ಲಿ ಅಂಥ ಗಿರಾಕಿ ಯಾರು? ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಊರಿನ ಕೃಷಿ ಪತ್ತಿನ ಸಹಕಾರ ಸಂಘವನ್ನೇ ತೆಗೆದುಕೊಳ್ಳಿ. ಬೆಳೆಸಾಲ, ಗೊಬ್ಬರ, ಪಿಗ್ಮಿ ಎಲ್ಲ ಅಲ್ಲೇ. ದೇಶದ 60 ಸಾವಿರಕ್ಕೂ ಹೆಚ್ಚು ಇಂಥ ಸಂಘಗಳನ್ನು ಕಂಪ್ಯೂಟರೀಕರಣ ಮಾಡುವ ಯೋಜನೆಗೆ ಕೇಂದ್ರ 2022ರಲ್ಲಿ 2,516 ಕೋಟಿ ಇಟ್ಟಿತು. ಒಳ್ಳೆಯ ಕೆಲಸವೇ. ಆದರೆ ಕೈಬರಹದ ಲೆಡ್ಜರ್ ಇದ್ದಾಗ ಅದನ್ನು ತಿದ್ದಬೇಕಾದವನು ಊರಿಗೇ ಬರಬೇಕಿತ್ತು. ಈಗ ಬರಬೇಕಾಗಿಲ್ಲ.

ಇಂಥ ಸಣ್ಣ ಕಚೇರಿಗಳ ಕಂಪ್ಯೂಟರ್ ಸಾಮಾನ್ಯವಾಗಿ ಹೇಗಿರುತ್ತದೆ? ಕಾರ್ಯದರ್ಶಿಯ ಪಾಸ್‌ವರ್ಡ್ ಗುಮಾಸ್ತರಿಗೂ ಗೊತ್ತು, ಯಾಕೆಂದರೆ ಅವರು ರಜೆ ಹಾಕಿದ ದಿನ ಕೌಂಟರ್ ನಿಲ್ಲಬಾರದು. ಆಂಟಿವೈರಸ್‌ನ ವಾಯಿದೆ ಮುಗಿದಿದೆ. ಸಾಫ್ಟ್‌ವೇರ್ ರಿಪೇರಿಗೆಂದು ಏಜೆನ್ಸಿಯವರು ಹಾಕಿದ ರಿಮೋಟ್ ಆ್ಯಪ್ ಹಾಗೇ ಉಳಿದುಕೊಂಡಿದೆ. ಬ್ಯಾಕಪ್ ಇರುವುದು ಅದೇ ಟೇಬಲ್ಲಿನ ಡ್ರಾಯರಿನೊಳಗಿನ ಪೆನ್‌ಡ್ರೈವ್‌ನಲ್ಲಿ. ಇದನ್ನು ಸರಿಪಡಿಸಲು ಐಐಎಸ್‌ಸಿ ಪಂಡಿತರು ಬೇಡ. ಚೆನ್ನಾಗಿ ತರಬೇತಿ ಆದ ಡಿಪ್ಲೊಮಾ ಹುಡುಗಿ ಒಂದು ದಿನ ಕೂತರೆ ಮುಕ್ಕಾಲು ಪಾಲು ಸರಿಯಾಗುತ್ತದೆ. ಅದಕ್ಕೆ ದುಡ್ಡು ಕೊಡುವವರು ಯಾರು ಎಂಬುದಷ್ಟೇ ತೀರ್ಮಾನವಾಗಿಲ್ಲ.

ಅಪಾಯ ಕಲ್ಪನೆಯದ್ದಲ್ಲ. 2018ರಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ಹೋಯಿತು. 2024ರ ಜುಲೈಯಲ್ಲಿ ಸಣ್ಣ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಸೇವೆ ಕೊಡುವ ಸಿ-ಎಡ್ಜ್ ಎಂಬ ಒಂದು ಕಂಪನಿಗೆ, ಕಂಪ್ಯೂಟರಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ತಗುಲಿತು. ಅದರ ಏಟಿಗೆ ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ಸೇವೆ ನಿಂತಿತು. ಆ ಬ್ಯಾಂಕುಗಳು ಸ್ವತಃ ಏನೂ ತಪ್ಪು ಮಾಡಿರಲಿಲ್ಲ. ನಗರ ಸಹಕಾರಿ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2019ರ ಕೊನೆಯಲ್ಲೇ ನಾಲ್ಕು ಹಂತದ ಭದ್ರತಾ ನಿಯಮ ಮಾಡಿದೆ. ಹಳ್ಳಿಯ ಸೊಸೈಟಿಗಳು ಅದರ ಹೊರಗಿವೆ.

ಇನ್ನೂ ಇದ್ದಾರೆ. ಡೇರಿಗೆ ಹಾಲು ಹಾಕುವವರ ಬಟವಾಡೆ ಬ್ಯಾಂಕ್ ಖಾತೆಗೆ ಹೋಗುತ್ತದೆ, ಆ ಲೆಕ್ಕವೆಲ್ಲ ಒಕ್ಕೂಟದ ಕಂಪ್ಯೂಟರಿನಲ್ಲಿ. ಆಸ್ಪತ್ರೆಗಳಿವೆ. ದೆಹಲಿಯ ಏಮ್ಸ್ 2022ರ ನವೆಂಬರ್‌ನಲ್ಲಿ ದಾಳಿಗೆ ಸಿಕ್ಕಿ ದಿನಗಟ್ಟಲೆ ಕೈಬರಹದಲ್ಲೇ ರೋಗಿಗಳನ್ನು ನೋಡಿಕೊಂಡಿದ್ದು ನೆನಪಿರಬಹುದು. ಮಹಾನಗರ ಪಾಲಿಕೆ, ಕಾಲೇಜು, ಲಾಡ್ಜು ಎಲ್ಲರ ಹತ್ತಿರವೂ ಜನರ ಆಧಾರ್ ಪ್ರತಿ ಇದೆ.

ಇವರೆಲ್ಲರಿಗೂ ಬಿಸಿ ಮುಟ್ಟಿಸುವ ಕಾನೂನು ಬಂದಾಗಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರದ್ದು, ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಜವಾಬ್ದಾರಿಗಳಿಗೆ 18 ತಿಂಗಳ ಗಡುವು. ಸರಿಯಾದ ಭದ್ರತೆ ಇಡದೆ ಜನರ ಮಾಹಿತಿ ಸೋರಿಕೆಯಾದರೆ ದಂಡ 250 ಕೋಟಿವರೆಗೂ ಹೋಗಬಹುದು. ಇದಲ್ಲದೆ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದಂತೆ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ಲಾಗ್ (ಕಂಪ್ಯೂಟರಿನಲ್ಲಿ ಯಾವಾಗ ಏನು ನಡೆಯಿತು ಎಂಬ ದಾಖಲೆ) ಇಟ್ಟಿರಬೇಕು. ಶಿವರಾಂಪೇಟೆಯ ಒಂದು ನರ್ಸಿಂಗ್ ಹೋಮಿಗೆ ಈ ಲಾಗ್ ಅಂದರೇನು ಅಂತ ತಿಳಿಸಿ ಹೇಳಲು, ಇಟ್ಟುಕೊಡಲು ಯಾರಾದರೂ ಬೇಕಲ್ವಾ?

ಯಾರು ಏನು ಹೇಳುತ್ತಾರೆ

ಸರ್ಕಾರದ ಕಡೆಯ ವಾದ: ಮೊದಲು ಕಲಿತ ಜನ ಇರಲಿ, ಕಂಪನಿಗಳು ತಾವಾಗಿ ಬರುತ್ತವೆ. ಐಟಿಯಲ್ಲಿ ಕರ್ನಾಟಕ ಗೆದ್ದದ್ದು ಹಾಗೇ ಅಲ್ಲವೇ? ಈ ಮಾತಿನಲ್ಲಿ ಸತ್ಯ ಇದೆ. ಆದರೆ ಐಟಿಗೆ ಹೊರದೇಶದ ಗಿರಾಕಿ ಸಿದ್ಧವಾಗಿದ್ದ, ಫ್ರೆಶರ್‌ಗಳನ್ನು ಸಾವಿರ ಸಾವಿರ ತೆಗೆದುಕೊಂಡು ತಿಂಗಳುಗಟ್ಟಲೆ ಕಲಿಸುವ ಕಂಪನಿಗಳಿದ್ದವು. ಸೆಕ್ಯುರಿಟಿಯಲ್ಲಿ ಆ ಧಾರಾಳತನ ಇಲ್ಲ.

ಉದ್ಯಮದವರು ಕಾಲೇಜುಗಳ ಕಡೆ ಬೆರಳು ತೋರಿಸುತ್ತಾರೆ. ಸಿಲಬಸ್ ಹಳೆಯದು, ಪ್ರಾಕ್ಟಿಕಲ್ ಇಲ್ಲ ಅಂತಾರೆ. ಕಾಲೇಜುಗಳ ಉತ್ತರವೂ ನೇರ: ಈ ವಿಷಯ ಚೆನ್ನಾಗಿ ಬಲ್ಲವನು ಕಂಪನಿಯಲ್ಲಿ ಮೂರು ಪಟ್ಟು ಸಂಬಳ ಪಡೆಯುವಾಗ ಪಾಠ ಹೇಳಲು ಯಾಕೆ ಬರುತ್ತಾನೆ? ಇಬ್ಬರೂ ಹೇಳುವುದು ಸರಿ. ಮೇಷ್ಟ್ರುಗಳ ಕೊರತೆಗೆ ಯಾವ ನೀತಿಯಲ್ಲೂ ಗಟ್ಟಿ ಪರಿಹಾರ ಕಾಣುವುದಿಲ್ಲ.

ಮೂರನೇ ಗುಂಪಿನದು ಬೇರೆಯೇ ಪ್ರಶ್ನೆ. ಗೃಹ ಇಲಾಖೆ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ 2024ರಲ್ಲಿ ದೇಶದ ಜನ ಸೈಬರ್ ವಂಚನೆಯಲ್ಲಿ 22,845 ಕೋಟಿ ಕಳೆದುಕೊಂಡರು. ಹಿಂದಿನ ವರ್ಷ ಅದು 7,465 ಕೋಟಿ ಇತ್ತು. ಹೀಗಿರುವಾಗ ಕಂಪನಿಗಳಿಗೆ ಪ್ರೋತ್ಸಾಹಧನ ಬೇಕಾ, ಠಾಣೆಗೆ ಸಿಬ್ಬಂದಿ ಕೊಡಬಾರದಾ? ನ್ಯಾಯವಾದ ಪ್ರಶ್ನೆಯೇ. ಆದರೆ ವರ್ಷಕ್ಕೆ 5 ಕೋಟಿಯ ಪ್ರೋತ್ಸಾಹಧನ ನಿಲ್ಲಿಸಿದರೆ ಪೊಲೀಸರಿಗೆ ಸಿಗುವುದು ಅಷ್ಟರಲ್ಲೇ ಇದೆ. ಸೆನ್ ಠಾಣೆಗಳ ಕಷ್ಟಕ್ಕೆ ಪ್ರತ್ಯೇಕ ದುಡ್ಡೇ ಬೇಕು.

ಟೆಂಡರಿನ ಒಂದು ಷರತ್ತು

ಈ ಎಲ್ಲ ವಾದಗಳಿಗಿಂತ ಹೆಚ್ಚು ಪರಿಣಾಮ ಬೀರುವುದು ಯಾರೂ ಓದದ ಒಂದು ಕಾಗದ, ಅದು ಟೆಂಡರ್ ದಾಖಲೆ. ಸರ್ಕಾರಿ ವೆಬ್‌ಸೈಟಿಗೆ ಸೆಕ್ಯುರಿಟಿ ಆಡಿಟ್ ಆಗಲೇಬೇಕು. ಅದನ್ನು ಸರ್ಟ್-ಇನ್ ಪಟ್ಟಿಯಲ್ಲಿರುವ ಸಂಸ್ಥೆಗಳೇ ಮಾಡಬೇಕು. ಟೆಂಡರಿನಲ್ಲಿ ಹಿಂದಿನ ವರ್ಷಗಳ ವಹಿವಾಟು, ಹಳೆಯ ಅನುಭವ ಕೇಳುತ್ತಾರೆ. ಆಮೇಲೆ ಕಡಿಮೆ ದರ ಹಾಕಿದವರಿಗೆ ಕೆಲಸ. ಮೈಸೂರಿನಲ್ಲಿ ಎಂಟು ಜನ ಸೇರಿ ಕಟ್ಟಿದ ಕಂಪನಿ ಮೊದಲ ಷರತ್ತಿನಲ್ಲೇ ಹೊರಗೆ. ಗೆದ್ದ ದೊಡ್ಡವರೂ ಕಡಿಮೆ ದರಕ್ಕೆ ಒಪ್ಪಿರುವುದರಿಂದ, ಟೂಲ್ ಓಡಿಸಿ ಬಂದ ವರದಿಯನ್ನು ಪಿಡಿಎಫ್ ಮಾಡಿ ಕೊಟ್ಟು ಹೋಗುವ ಆಸೆಗೆ ಬೀಳುತ್ತಾರೆ. ಹೀಗಾದರೆ ಕಚೇರಿಯೂ ಭದ್ರವಾಗುವುದಿಲ್ಲ, ಇಲ್ಲಿನವರಿಗೆ ಅನುಭವವೂ ಆಗುವುದಿಲ್ಲ.

ಪಟ್ಟಿಯ ನಿಯಮ ಕೇಂದ್ರದ್ದು, ರಾಜ್ಯ ಅದನ್ನು ಬದಲಿಸಲಾಗದು. ಆದರೆ ಆಡಿಟ್‌ಗೆ ಮೊದಲಿನ ಕೆಲಸ, ಆಮೇಲಿನ ರಿಪೇರಿ, ತಿಂಗಳು ತಿಂಗಳ ಕಣ್ಗಾವಲು ಆ ಪಟ್ಟಿಗೆ ಸೇರಿಲ್ಲ. ಅದನ್ನು ಬಿಡಿಸಿ, ಸಣ್ಣ ಸಣ್ಣ ಭಾಗ ಮಾಡಿ, ಜಿಲ್ಲೆಯ ಕಂಪನಿಗಳಿಗೆ ಸಿಗುವಂತೆ ಟೆಂಡರ್ ಬರೆಯುವುದು ರಾಜ್ಯದ ಕೈಯಲ್ಲೇ ಇದೆ. ಸೊಸೈಟಿ, ನಗರಸಭೆ, ಸರ್ಕಾರಿ ಆಸ್ಪತ್ರೆಗಳಿಗೆ ಬ್ರಿಟನ್ನಿನ ಥರದ ಐದಂಶದ ಸರಳ ತಪಾಸಣೆ ಕಡ್ಡಾಯ ಮಾಡುವುದೂ ಅಷ್ಟೇ. 720 ಇಂಟರ್ನ್‌ಶಿಪ್‌ಗಳಲ್ಲಿ ಒಂದಷ್ಟನ್ನು ಮೈಸೂರು, ಮಂಡ್ಯದ ಇಂಥ ಕಚೇರಿಗಳಿಗೇ ಎತ್ತಿಟ್ಟು, ಮೇಲೆ ಒಬ್ಬ ಅನುಭವಿಯನ್ನು ಕೂರಿಸಿದರೆ, ಕಂಪನಿಗಳು ಕೇಳುವ ಆ ಮೊದಲ ಅನುಭವ ಇಲ್ಲೇ ಆಗುತ್ತದೆ.

ಹೀಗೆ ಆಗದಿದ್ದರೆ ಏನಾಗಬಹುದು ಎಂದು ಊಹಿಸುವುದು ಕಷ್ಟವಲ್ಲ. ಒಂದೆರಡು ದೊಡ್ಡ ಕಂಪನಿಗಳು ಮೈಸೂರಿನಲ್ಲಿ ಶಾಖೆ ತೆರೆಯುತ್ತವೆ, ಹೊರಗಿನ ಗಿರಾಕಿಗಳಿಗೆ ಕೆಲಸ ಮಾಡುತ್ತವೆ, ಅನುಭವ ಇರುವವರನ್ನು ಬೆಂಗಳೂರಿನಿಂದ ಕರೆಸುತ್ತವೆ. ಅದೂ ಬೇಡವೆನ್ನುವಂಥದ್ದಲ್ಲ, ಊರಿಗೆ ಬಾಡಿಗೆ, ಹೋಟೆಲ್ ವ್ಯಾಪಾರ ಬರುತ್ತದೆ. ತರಬೇತಿ ಪಡೆದವರ ಸಂಖ್ಯೆ 40 ಸಾವಿರ ಮುಟ್ಟಿತು ಎಂದು ಪ್ರಕಟಣೆಯೂ ಬರಬಹುದು. ಸೊಸೈಟಿಯ ಪೆನ್‌ಡ್ರೈವ್ ಮಾತ್ರ ಡ್ರಾಯರಿನಲ್ಲೇ ಇರುತ್ತದೆ.

ಸಮಯವೂ ಜಾಸ್ತಿ ಇಲ್ಲ. ಈ ನೀತಿಯ ಅವಧಿ 2029ಕ್ಕೆ ಮುಗಿಯುತ್ತದೆ. 2025ರಲ್ಲಿ ಪಿಇಎಸ್‌ಗೋ ಎನ್‌ಐಇಗೋ ಸೇರಿದ ಹುಡುಗ ಹುಡುಗಿಯರು ಪದವಿ ಮುಗಿಸುವುದೂ ಅದೇ ವರ್ಷ. ಅವರಿಗೆ ಪ್ರಯೋಜನ ಆಗಬೇಕಾದರೆ ಇಂಟರ್ನ್‌ಶಿಪ್‌ನ ಜಿಲ್ಲಾವಾರು ಪಾಲು, ಟೆಂಡರಿನ ಷರತ್ತು ಎರಡೂ ಅವರು ಮೂರನೇ ವರ್ಷ ಮುಗಿಸುವುದರೊಳಗೆ ಬದಲಾಗಬೇಕು.